ಹರಾಜಿನ ದಿನದ ತಿಂಡಿ

ಮಂಗಳವಾರ ಬೆಳಗಾಯಿತೆಂದರೆ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ. ಅವತ್ತು ರಾಜ್ಯ ಸರ್ಕಾರಗಳ ಸಾಲಪತ್ರಗಳ ಹರಾಜು. ಸರ್ಕಾರಕ್ಕೆ ಕಡಿಮೆ ಬಡ್ಡಿಗೆ ಸಾಲ ಕೊಡಲು ಒಪ್ಪಿದ ಬ್ಯಾಂಕಿಗೆ ಪತ್ರ. ಬ್ಯಾಂಕಿನವರು ಒಳಗೊಳಗೇ ಮಾತಾಡಿಕೊಂಡು ಬಡ್ಡಿ ಏರಿಸಿದರೆ ಹೊರೆ ಬೀಳುವುದು ತೆರಿಗೆ ಕಟ್ಟುವವರ ತಲೆಯ ಮೇಲೆ. ನಮ್ಮ ಬ್ಯಾಂಕಿನ ದರ ಹಾಕುವವಳು ನಾನು. ಇನ್ನೊಂದು ಬ್ಯಾಂಕಿನದು ಹಾಕುತ್ತಿದ್ದವನು ನನ್ನ ಅಣ್ಣ. ಚಾಮರಾಜಪೇಟೆಯ ಒಂದೇ ಮನೆಯಲ್ಲಿ ಅವನೂ ಅಮ್ಮನೂ ಕೆಳಗೆ, ನಾನೂ ನನ್ನ ಗಂಡನೂ ಮೇಲೆ. ಇದನ್ನು ಎರಡೂ ಬ್ಯಾಂಕಿಗೆ ಮೊದಲೇ ತಿಳಿಸಿದ್ದೆವು. ಆಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ನಾವು ಮಾತ್ರ ಕೆಡಿಸಿಕೊಂಡಿದ್ದೆವು. ಮಂಗಳವಾರ ಒಟ್ಟಿಗೆ ತಿಂಡಿ ತಿನ್ನುವ ಹಾಗಿಲ್ಲ, ಮುಖ ನೋಡುವ ಹಾಗಿಲ್ಲ. ಅಮ್ಮ ದೋಸೆಯ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, "ನೀವೇನು ಸವತಿ ಮಕ್ಕಳಾ?" ಎಂದು ಗೊಣಗುತ್ತಿದ್ದಳು. ಆ ಕಟ್ಟುನಿಟ್ಟಿನ ಬಗ್ಗೆ ನನಗೆ ಜಂಬವೇ ಇತ್ತು.

ಒಂದು ದಿನ ನಮ್ಮ ಬ್ಯಾಂಕಿನ ತನಿಖಾಧಿಕಾರಿ ಕರೆದರು.

"ಹರಾಜಿನ ಮೇಲೆ ಕಣ್ಣಿಡೋರಿಂದ ಪ್ರಶ್ನೆ ಬಂದಿದೆ ಮೇಡಂ. ನಿಮ್ಮ ದರದ ಕೊನೇ ಅಂಕಿ ಯಾವಾಗ್ಲೂ ಒಂದು. ನಿಮ್ಮಣ್ಣಂದೂ ಹಾಗೇ. ಎಷ್ಟೋ ಸಲ ಇಡೀ ದರಾನೇ ಒಂದೇ. ಮನೇಲಿ ಮಾತಾಡ್ಕೋತೀರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕದಿಯದೆಯೇ ಮುಟ್ಟಿ ನೋಡಿಕೊಂಡೆ. ಸಂಜೆ ಮಾರ್ಕೆಟ್ ಸಿಗ್ನಲ್ಲಿನಲ್ಲಿ ಆಟೋ ನಿಂತಷ್ಟು ಹೊತ್ತೂ ಮೈ ಉರಿಯುತ್ತಿತ್ತು.

"ನನ್ನ ರೇಟು ನಿಂಗೆ ಹೇಗೆ ಗೊತ್ತಾಗತ್ತೆ?" ಎಂದು ಬಾಗಿಲಲ್ಲೇ ಕೇಳಿದೆ.

"ಅದನ್ನ ನಾನು ನಿನ್ನ ಕೇಳ್ಬೇಕು ಅಂತ ಕಾಯ್ತಿದೀನಿ," ಎಂದ ಅಣ್ಣ. ಅವನ ಬ್ಯಾಂಕಿನಲ್ಲೂ ಅದೇ ವಿಚಾರಣೆ ನಡೆದಿತ್ತು. ಇಬ್ಬರ ಕೆಲಸಕ್ಕೂ ಕುತ್ತು ಬಂದಿತ್ತು. ಕೂಗಾಡಿದೆವು.

"ಜಗಳ ಆಮೇಲೆ ಆಡಿ," ಎಂದಳು ಅಮ್ಮ. "ಮಲ್ಲೇಶ್ವರದ ರಿಸೆಪ್ಷನ್‌ಗೆ ಹೊತ್ತಾಯ್ತು. ಮುಯ್ಯಿ ಕವರಿಗೆ ಒಂದು ರೂಪಾಯಿ ಕೊಡಿ."

ಅವನ ಕೈ ಜೇಬಿಗೆ ಹೋಯಿತು, ನನ್ನದು ಪರ್ಸಿಗೆ. ನಾಣ್ಯ ಹಿಡಿದ ಕೈ ಹಾಗೇ ನಿಂತಿತು. ಸೊನ್ನೆಯಲ್ಲಿ ನಿಲ್ಲಿಸಬಾರದು, ಸೊನ್ನೆಗೆ ನಿಂತರೆ ಸಂಬಂಧ ಮುಗಿದಂತೆ ಎಂದು ಅಮ್ಮ ಚಿಕ್ಕಂದಿನಿಂದ ಹೇಳಿದ್ದಳು. ಐನೂರಕ್ಕೆ ಒಂದು ಸೇರಿಸುವ ಕೈಯೇ ಬಡ್ಡಿಗೂ ಒಂದು ಸೇರಿಸುತ್ತಿತ್ತು. ಅಲ್ಲಿಯವರೆಗೆ ಇಬ್ಬರಿಗೂ ಅದು ಹೊಳೆದೇ ಇರಲಿಲ್ಲ.

ಮರುದಿನ ಅಧಿಕಾರಿಗೆ ಹೇಳಿದೆ. ಅವರು ನಗಲಿಲ್ಲ.

"ನಂಬ್ತೀನಿ ಮೇಡಂ, ನಮ್ಮನೇಲೂ ಹಾಗೇ. ಆದ್ರೆ ಹರಾಜು ನಂಬಿಕೆ ಮೇಲೆ ನಡೆಯಲ್ಲ. ಇಬ್ರಲ್ಲಿ ಒಬ್ರು ದರ ಹಾಕೋ ಕೆಲಸ ಬಿಡ್ಬೇಕು."

ಸಿಟ್ಟು ಬಂತು. ಅವರು ಹೇಳಿದ್ದು ಸರಿ ಎಂದು ಇನ್ನಷ್ಟು ಸಿಟ್ಟು ಬಂತು. ಮಾತೇ ಆಡದೆ ಒಂದಾಗುವವರನ್ನು ಯಾವ ಕಾವಲು ತಡೆದೀತು?

ಅಣ್ಣನಿಗೆ ಆ ಕೆಲಸವೆಂದರೆ ಪ್ರಾಣ. ಆದರೂ ನನಗೊಂದು ಮಾತೂ ಹೇಳದೆ ಗೃಹಸಾಲದ ವಿಭಾಗಕ್ಕೆ ವರ್ಗ ಕೇಳಿಕೊಂಡ. "ನೀನು ಚಿಕ್ಕವಳು, ಇರು," ಎಂದ, ಅಷ್ಟೇ.

ಮುಂದಿನ ಮಂಗಳವಾರ ಅಮ್ಮ ಖುಷಿಯಿಂದ ಇಬ್ಬರಿಗೂ ತಟ್ಟೆ ಹಾಕಿದಳು. ಅಣ್ಣ ಎದುರು ಕೂತ. ಚಟ್ನಿ ಹಾಕಿಸಿಕೊಂಡ, ಗಡಿಯಾರ ನೋಡಿದ, "ಇವತ್ತು..." ಎಂದು ಬಾಯಿ ತೆರೆದ.

ಅವನ ಬ್ಯಾಂಕಿನಲ್ಲಿ ಅವನ ಜಾಗದಲ್ಲಿ ಈಗ ಬೇರೆಯವರು ದರ ಹಾಕುತ್ತಾರೆ; ಅವನ ಕಿವಿಗೆ ಬಿದ್ದದ್ದು ಅವರಿಗೂ ಮುಟ್ಟಬಹುದು. ನಾನು ತಟ್ಟೆ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಅವನು ಏನು ಕೇಳಲಿದ್ದನೋ, ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಆಫೀಸಿಗೆ ಹೋಗಿ ಅವತ್ತಿನ ದರ ಹಾಕಿದೆ. ಕೊನೆಯ ಅಂಕಿ ಒಂದರ ಬದಲು ಸೊನ್ನೆ ಬರೆದೆ.