ರಕ್ತ ಕಮ್ಮಿ

ಭಾವ ತೀರಿಕೊಂಡ ಮೇಲೆ ನಾಗಮಂಗಲದ ಕಡೆಯ ಗಂಡನ ಮನೆಯಲ್ಲಿ ಅಕ್ಕನಿಗೆ ತಟ್ಟೆ, ಲೋಟ, ಚಾಪೆ ಎಲ್ಲ ಬೇರೆಯಾದವು. ಭಾವ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕಿದ್ದವರು, ತಿಂಗಳುಗಟ್ಟಲೆ ಹೊರಗಡೆಯೇ ಇರುತ್ತಿದ್ದರು. ಅವರಿಗೆ ಎಚ್‌ಐವಿ ಇದ್ದದ್ದು ಕೊನೆಗಾಲದಲ್ಲಿ ತಿಳಿಯಿತು. ಅಕ್ಕನಿಗೂ ಪರೀಕ್ಷೆ ಮಾಡಿಸಿದರು, ಇದೆ ಎಂದೇ ಬಂತು. ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ಶ್ರೀರಂಗಪಟ್ಟಣದಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದೆ, ಇನ್ನೂ ಮದುವೆಯಾಗಿರಲಿಲ್ಲ. ಅಕ್ಕನನ್ನು ನನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದೆ. ಹೊಸಹೊಳಲಿನ ಪಕ್ಕದ ನಮ್ಮೂರಲ್ಲಿದ್ದ ಅವ್ವನಿಗೆ ನಿಜ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. "ರಕ್ತ ಕಮ್ಮಿಯಂತೆ ಕಣವ್ವ, ಇಲ್ಲೇ ತೋರಿಸ್ತಾ ಇದ್ದೀವಿ" ಅಂದೆವು.

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಬೀದಿ ನಲ್ಲಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಅಕ್ಕ ಯಾರದಾದರೂ ಜಗಲಿಯ ಮೇಲೆ ಕುಳಿತುಬಿಡುತ್ತಿದ್ದಳು. ಉಗುರು ಸೀಳುತ್ತಿತ್ತು. ಬಿಸಿ ಸಾರು ತಾಗಿದರೆ ನಾಲಿಗೆ ಉರಿ ಎನ್ನುತ್ತಿದ್ದಳು. ಒಂದು ಸಂಜೆ ಶಾಲೆಯಿಂದ ಬಂದಾಗ ಅಡಿಗೆಮನೆಯಲ್ಲಿ ಕಟುಂ ಕಟುಂ ಎಂದು ಸದ್ದು. ಮಕ್ಕಳಿಗೆಂದು ನಾನು ತಂದಿಟ್ಟಿದ್ದ ಸ್ಲೇಟಿನ ಬಳಪವನ್ನು ಅಕ್ಕ ಕಡಿದು ತಿನ್ನುತ್ತಿದ್ದಳು. ನನ್ನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಏನ್ ಮಾಡ್ಲಿ ಯೋಳೆ, ಬಾಯಿ ಕೇಳ್ತದೆ. ಮಣ್ಣಿನ ಗ್ವಾಡೆಗೆ ನೀರು ಬಿದ್ರೆ ಆ ವಾಸ್ನೆಗೇ ತಡಿಯಾಕಾಗಲ್ಲ. ಯಾರ್ಗೂ ಯೋಳ್ಬ್ಯಾಡ ಕಣೆ."

ಕಾಯಿಲೆಯ ಹೆಸರು ಹೇಳುವಾಗಲೂ ಅವಳು ಇಷ್ಟು ನಾಚಿಕೊಂಡಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ನನ್ನ ಶಾಲೆಯ ಮಕ್ಕಳ ತಾಯಂದಿರು ಎಲ್ಲೆಲ್ಲೂ ಸಿಗುತ್ತಿದ್ದರು. ಹಾಗಾಗಿ ಬಸ್ಸು ಹತ್ತಿ ಪಾಂಡವಪುರದ ಒಬ್ಬ ವಯಸ್ಸಾದ ಡಾಕ್ಟರ ಬಳಿ ಹೋದೆವು. ಕಾಯಿಲೆ ಏನೆಂದು ತಿಳಿದೂ ಅವರು ಮುಟ್ಟಿ ನೋಡುತ್ತಿದ್ದರು, ಅಷ್ಟಕ್ಕೇ ಅಕ್ಕನಿಗೆ ಅವರೆಂದರೆ ದೇವರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಾನು ಬಳಪದ ವಿಷಯ ಹೇಳಿದೆ, ಅಕ್ಕ ನನ್ನ ತೊಡೆ ಚಿವುಟಿದಳು.

"ಬೈಯಲ್ಲಮ್ಮ, ಹೇಳಿದ್ದು ಒಳ್ಳೇದಾಯ್ತು. ಕಬ್ಬಿಣದ ಅಂಶ ಕಮ್ಮಿಯಾದೋರಿಗೆ ಹಿಂಗೆ ಆಸೆ ಆಗ್ತದೆ" ಎಂದರು ಡಾಕ್ಟರು.

ನನಗೆ ಸಮಾಧಾನವಾಯಿತು. ದೊಡ್ಡ ಕಾಯಿಲೆಗೆ ಮದ್ದಿಲ್ಲ ಎಂದು ಎಲ್ಲರೂ ಹೇಳಿದ್ದರು. ಹೊರದೇಶದಲ್ಲಿ ಏನೋ ಮಾತ್ರೆ ಇವೆಯಂತೆ ಎಂಬ ಸುದ್ದಿ ಮಾತ್ರ ಕೇಳಿದ್ದೆವು. ಕಬ್ಬಿಣದ ಕೊರತೆಗಾದರೆ ಮೆಡಿಕಲ್ ಸ್ಟೋರಿನಲ್ಲೇ ಮಾತ್ರೆ ಸಿಗುತ್ತದಲ್ಲ ಎಂದುಕೊಂಡೆ.

ಆದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ನೋಡಲು ಬೆಂಗಳೂರಿಗೆ ಕಳಿಸಿದ್ದ ರಕ್ತದ ರಿಪೋರ್ಟು ಬಂದಾಗ ಅದರಲ್ಲಿ ಕಮ್ಮಿ ಎಂದಿರಲಿಲ್ಲ, ಜಾಸ್ತಿ ಎಂದಿತ್ತು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಿಮ್ಮಕ್ಕನಿಗಿರೋ ಕಾಯಿಲೆಯಲ್ಲಿ ಇದೇ ತೊಂದರೆ ನೋಡಮ್ಮ. ಒಳಗೆ ಸೋಂಕಿದ್ರೆ ಕಬ್ಬಿಣ ಇಲ್ದಿದ್ರೂ ಈ ಪರೀಕ್ಷೆ ಇದೆ ಅಂತ ತೋರಿಸ್ಬಹುದು. ಇಲ್ಲ, ನಿಜವಾಗ್ಲೂ ಇದ್ದು, ದೇಹ ಬಚ್ಚಿಟ್ಕೊಂಡು ರಕ್ತಕ್ಕೆ ಕೊಡ್ದೇನೂ ಇರಬಹುದು. ಮೇಲ್ನೋಟಕ್ಕೆ ಎರಡೂ ಒಂದೇ."

"ಹಂಗಾದ್ರೆ ಮಾತ್ರೆ ಕೊಟ್ಟು ನೋಡೋದಾ ಸಾರ್?"

"ಕೊರತೆ ಇಲ್ದೋರಿಗೆ ಕೊಟ್ರೆ ಸೋಂಕಿಗೇ ಬಲ ಬರಬಹುದು ಅಂತಾರೆ. ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದ್ರೆ ಖಚಿತವಾಗಿ ಗೊತ್ತಾಗ್ತದೆ. ಮೈಸೂರಿಗೆ ಚೀಟಿ ಬರೆದುಕೊಡ್ತೀನಿ."

ಮೈಸೂರಿನ ಆ ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕುಳಿತಿದ್ದೆವು. ಚೀಟಿ ಓದಿದ ಆಯಾ ಅಕ್ಕನನ್ನು ಬೆಂಚಿನ ತುದಿಗೆ ಸರಿಯಲು ಹೇಳಿದಳು. ಆಮೇಲೆ ಪಕ್ಕದವರೂ ಎದ್ದು ಹೋದರು. ಊಟದ ಹೊತ್ತಾಯಿತು, ಇನ್ನೊಂದು ವಾರ ಬಿಟ್ಟು ಬನ್ನಿ ಎಂದರು. ಮುಂದಿನ ವಾರ ಹೋದಾಗ ಸೂಜಿ ಇಲ್ಲ ಎಂದರು. ಅದರ ಮುಂದಿನ ಸಲ ಒಬ್ಬ ಹುಡುಗ ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದು, ನೆಲ ನೋಡುತ್ತಾ, "ಮಾಡೋರು ಯಾರೂ ಒಪ್ತಾ ಇಲ್ಲ ಮೇಡಂ. ನಾನೊಬ್ಬನೇ ಮಾಡಕ್ಕಾಗಲ್ಲ" ಎಂದರು. ಅವರ ಮುಖ ನೋಡಿ ನನಗೆ ಜಗಳವಾಡಲೂ ಆಗಲಿಲ್ಲ. ಒಳಗೆ ಬಂದರೆ ಅಕ್ಕ ಆಗಲೇ ಬ್ಯಾಗು ಹಿಡಿದು ನಿಂತಿದ್ದಳು.

"ನಡಿಯೆ, ಬಸ್ಸು ತಪ್ಪೋಯ್ತದೆ" ಎಂದಳು.

ಪಾಂಡವಪುರದ ಡಾಕ್ಟರು ಬಹಳ ಯೋಚಿಸಿ, ಅಂದಾಜಿನ ಮೇಲೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮೊದಲು ಹೊಟ್ಟೆ ತೊಳಸಿ ವಾಂತಿಯಾಯಿತು. ಆಮೇಲೆ ಸ್ವಲ್ಪ ಚೇತರಿಸಿಕೊಂಡಳು. ಒಂದು ಭಾನುವಾರ ನನ್ನ ಸೀರೆಗಳನ್ನೆಲ್ಲ ಒಗೆದು ಹರವಿದಳು. ಅದೇ ವಾರ ಜ್ವರ ಬಂತು, ಬಿಡಲಿಲ್ಲ. ಡಾಕ್ಟರು ಮಾತ್ರೆ ನಿಲ್ಲಿಸಲು ಹೇಳಿದರು. ಅವ್ವ ಅಕ್ಕನನ್ನು ಊರಿಗೆ ಕರೆಸಿಕೊಂಡಳು. ಅಲ್ಲಿ ಕೆ.ಆರ್. ಪೇಟೆಯ ಇನ್ನೊಬ್ಬ ಡಾಕ್ಟರು, ಇಷ್ಟು ಬಿಳಿಚಿಕೊಂಡವಳಿಗೆ ಯಾರು ನಿಲ್ಲಿಸಿದ್ದು ಎಂದು ಬೈದು ಮತ್ತೆ ಶುರುಮಾಡಿಸಿದರು. ಕೊಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಶನಿವಾರ ಊರಿಗೆ ಹೋದಾಗಲೆಲ್ಲ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಅಕ್ಕನ ಪಕ್ಕ ಸುಮ್ಮನೆ ಕುಳಿತಿರುತ್ತಿದ್ದೆ. ಒಂದೊಂದು ಸಲ ಕೊಟ್ಟೆ, ಒಂದೊಂದು ಸಲ ಕೊಡಲಿಲ್ಲ.

ಅವ್ವನಿಗೆ ಈ ಗೊಂದಲವಿರಲಿಲ್ಲ. "ರಕ್ತ ಕಮ್ಮಿ ತಾನೆ, ಉಂಡ್ರೆ ಬತ್ತದೆ ಬುಡು" ಎನ್ನುತ್ತಿದ್ದಳು. ನುಗ್ಗೆಸೊಪ್ಪಿನ ಸಾರು, ಮೇಕೆಯ ಈಲಿಯ ಮಾಂಸ, ಬೆಲ್ಲ ಹಾಕಿದ ರಾಗಿ ಗಂಜಿ, ಎಲ್ಲ ಮಾಡಿ ತುತ್ತು ತುತ್ತಾಗಿ ತಿನ್ನಿಸುತ್ತಿದ್ದಳು. ಅಕ್ಕ ಅವ್ವನ ಸಂತೋಷಕ್ಕೆ ನುಂಗುತ್ತಿದ್ದಳು, ಅವ್ವ ಅತ್ತ ಹೋದ ಮೇಲೆ ಕಕ್ಕುತ್ತಿದ್ದಳು. ನಾನು ಬೋಗುಣಿ ಹಿಡಿಯುತ್ತಿದ್ದೆ.

ಸುಗ್ಗಿ ಮುಗಿಯುವ ಹೊತ್ತಿಗೆ ಅಕ್ಕ ಹೋದಳು. ನಾನು ಶಾಲೆಯಲ್ಲಿದ್ದೆ, ಸುದ್ದಿ ಬಂದು ಊರು ತಲುಪುವಷ್ಟರಲ್ಲಿ ಮಣ್ಣಿಗೆ ತಯಾರಿ ನಡೆದಿತ್ತು. ಬಂದವರಿಗೆಲ್ಲ ಅವ್ವ, ಎಷ್ಟು ಉಣ್ಣಿಸಿದರೂ ರಕ್ತ ಆಗಲೇ ಇಲ್ಲ ಎಂದು ಹೇಳುತ್ತಿದ್ದಳು.

ಕೆಲವು ದಿನಗಳ ಮೇಲೆ ಪಾಂಡವಪುರಕ್ಕೆ ಒಬ್ಬಳೇ ಹೋದೆ. ಡಾಕ್ಟರು ಗುರುತು ಹಿಡಿದರು. "ಅವಳಿಗೆ ನಿಜವಾಗ್ಲೂ ಕಬ್ಬಿಣದ ಕೊರತೆ ಇತ್ತಾ ಸಾರ್?" ಎಂದು ಕೇಳಿದೆ.

"ಗೊತ್ತಿಲ್ಲಮ್ಮ. ಇತ್ತು ಅಂತ್ಲೇ ನನಗನ್ಸಿತ್ತು" ಎಂದರು. ಹೊರಗೆ ಮಗುವೊಂದು ಅಳುತ್ತಿತ್ತು. ಅದರ ತಾಯಿಯನ್ನು ಒಳಗೆ ಬರಹೇಳಿದರು, ನಾನು ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟೆ.