ಕೋಸಿನ ರೇಟು ಮತ್ತು ಮುನಿರಾಜು

"ನಾನು ಟೀ ಅಂಗ್ಡಿಗೆ ಹೋದ ತಕ್ಷಣ ಫ್ಯಾಕ್ಟರಿಯೋರು ತೆಲುಗಿಗೆ ತಿರುಗ್ಬುಟ್ರು ಅಣ್ಣ."

ಇಷ್ಟಕ್ಕೇ ನನ್ನ ಚಿಕ್ಕಪ್ಪನ ಮಗ ಮುನಿರಾಜು ಎಂಟು ದಿನದಿಂದ ಫ್ಯಾಕ್ಟರಿಗೆ ಹೋಗಿರಲಿಲ್ಲ. ಅವಲಪಲ್ಲಿಯ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. (ಎಂಟೋ, ಹತ್ತೋ. ಅವನೊಂದು ಹೇಳುತ್ತಾನೆ, ಹೆಂಡತಿ ಇನ್ನೊಂದು. ನನ್ನ ನೆನಪನ್ನಂತೂ ನಾನೇ ನಂಬುವುದಿಲ್ಲ.)

ನಮ್ಮ ಗಡಿ ಊರು ಹೊಸೂರಿನ ಟೀ ಅಂಗಡಿ ನಿಮಗೆ ಗೊತ್ತೇ ಇದೆ. ಕನ್ನಡದಲ್ಲಿ ಶುರುವಾದ ಮಾತು ಒಬ್ಬ ಬಂದರೆ ತಮಿಳಾಗುತ್ತದೆ, ಇನ್ನೊಬ್ಬ ಬಂದರೆ ತೆಲುಗು. ಬದಲಾಯಿಸಿದ್ದು ಯಾರು ಅಂತ ಯಾರಾದರೂ ಗಮನಿಸುತ್ತಾರಾ?

ಮುನಿರಾಜು ಗಮನಿಸಿದ.

"ನಿಂಗೂ ತೆಲುಗು ಬತ್ತದಲ್ಲಾ! ಗುಟ್ಟಾಗಿದ್ರೆ ನಿಂಗೆ ಬರೋ ಭಾಷೇಲಿ ಯಾಕ್ಲಾ ಆಡ್ತಾರೆ?" ಅಂದೆ. ಗೆದ್ದೆ ಅಂದುಕೊಂಡೆ.

"ಅದೇ ಕಣಣ್ಣ. ಅರ್ಥ ಆಗ್ತದೆ ಅಂತ ಗೊತ್ತಿದ್ದೂ ಆಡ್ತಾರೆ ಅಂದ್ರೆ, ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

"ಏನ್ ಮಾತಾಡ್ತಿದ್ರು?"

"ಕೋಸಿನ ರೇಟು."

"ಮತ್ತೆ?"

"ನಾನು ಬಂದೆ ಅಂತ ಕೋಸಿಗೆ ಬಂದ್ರು. ಅದಕ್ ಮುಂಚೆ ಏನಿತ್ತೋ."

ಅವನ ಲೆಕ್ಕವೇ ಹೀಗೆ. ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿದರೆ, ಅವನು ಯಾರಿಗೂ ಬೇಡ. ಯಾರಾದರೂ ಬಂದು ಕೂತರೆ, ಅಯ್ಯೋ ಪಾಪ ಅಂತ ಕೂತದ್ದು. ಯಾವ ಸಾಕ್ಷಿ ತಂದರೂ ಅವನ ತಲೆ ಅದನ್ನು ಅವನ ವಿರುದ್ಧವೇ ತಿರುಗಿಸುತ್ತದೆ. ಡಿಪ್ರೆಶನ್ ಬಂದು ಹೀಗೆ ಯೋಚಿಸುತ್ತಾನೋ, ಹೀಗೆ ಯೋಚಿಸಿ ಯೋಚಿಸಿಯೇ ಡಿಪ್ರೆಶನ್ ಬಂತೋ? ನಾನು ಎರಡನ್ನೂ ನಂಬಿದೆ, ಒಂದೇ ಮಧ್ಯಾಹ್ನದಲ್ಲಿ.

"ಭಾವ, ಮೂರು ದಿನದಿಂದ ಮುದ್ದೆ ಮುಟ್ಟಿಲ್ಲ. ನಿಮ್ಮ ವಾದ ಸಾಕು, ಡಾಕ್ಟ್ರತ್ರ ಕರ್ಕೊಂಡೋಗಿ," ಅಂದಳು ಅವನ ಹೆಂಡತಿ ಸುನಂದ. ಆ ಮನೆಯಲ್ಲಿ ಗೊಂದಲ ಇಲ್ಲದವಳು ಅವಳೊಬ್ಬಳೇ.

ಹೋದೆವು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನರ್ಸ್ ನಮ್ಮ ಕಡೆ ನೋಡಿ, ಪಕ್ಕದವಳಿಗೆ ಮೆಲ್ಲಗೆ ತಮಿಳಿನಲ್ಲಿ ಏನೋ ಹೇಳಿ ನಕ್ಕಳು.

"ನೋಡ್ದಾ ಅಣ್ಣ?" ಮುನಿರಾಜು ಎದ್ದೇಬಿಟ್ಟ. "ನಡಿ, ಮನೆಗೋಗಣ."

ನಾನು ಅವನನ್ನು ತಡೆಯಬೇಕಿತ್ತು. ನನ್ನ ಕೈ ಮಾತ್ರ ನನ್ನದೇ ಅಂಗಿಯ ಗುಂಡಿ ಸರಿಯಾಗಿದೆಯಾ ಅಂತ ತಡಕುತ್ತಿತ್ತು.

ಅವನು ಆ ಕೈಯನ್ನೇ ನೋಡಿದ.

"ನಿಂಗೂ ಹಂಗೇ ಅನ್ಸ್ತಾ?" ಅಂದ. ತುಟಿಯಲ್ಲಿ ಸಣ್ಣ ನಗು. (ಅಥವಾ ಆ ನಗು ಈಗ ಬರೆಯುವಾಗ ನಾನೇ ಸೇರಿಸಿದ್ದೋ.) ಆಮೇಲೆ ಕೂತ. ಹೆಸರು ಕರೆದಾಗ ಒಬ್ಬನೇ ಒಳಗೆ ಹೋದ.

ಈ ವಾರ ಎರಡನೇ ಸಲ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾನೆ. ಅರ್ಧ ಮುದ್ದೆ ತಿಂದನಂತೆ.

ಅದೆಲ್ಲ ಸರಿ, ಆ ನರ್ಸ್ ನಕ್ಕಿದ್ದು ಯಾಕೆ?