ಬೋಳುಗೋಡೆಯ ತುಕ್ಕಿನ ಗೆರೆ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ನಿವೃತ್ತಿಯಾಗಲಿ ಎಂದೆ, ಆಮೇಲೆ ಕಣ್ಣಿನ ಆಪರೇಷನ್ ಆಗಲಿ ಎಂದೆ. ಈಗ ಕಣ್ಣು ಚೆನ್ನಾಗಿ ಕಾಣುತ್ತಿರುವುದೇ ತೊಂದರೆಯಾಗಿದೆ. ಜಯನಗರದಲ್ಲಿ ನಾನು ಮೇಲ್ವಿಚಾರಕನಾಗಿದ್ದ ಆಫೀಸು ಕಟ್ಟಡದ ಎದುರು ಕಾಫಿ ಕುಡಿಯುತ್ತ ನಿಂತರೆ, ಬಾಗಿಲ ಮೇಲಿನ ಗೋಡೆಯಲ್ಲಿ ಇಳಿದಿರುವ ತುಕ್ಕಿನ ಗೆರೆ ರಸ್ತೆಯ ಈಚೆಗೂ ಸ್ಪಷ್ಟವಾಗಿ ಕಾಣುತ್ತದೆ.

ಅದೊಂದನ್ನು ಬಿಟ್ಟರೆ ನನ್ನ ಕಟ್ಟಡ ನಿಷ್ಕಳಂಕ. ‘ನನ್ನ’ ಎಂದೆನಲ್ಲ, ನಗಬೇಡಿ. ಎಸ್ಸೆಸ್ಸೆಲ್ಸಿ ಓದಿದವನಿಗೆ ಹೆಮ್ಮೆಪಡಲು ಇಷ್ಟು ದೊಡ್ಡ ವಸ್ತು ಇನ್ನೆಲ್ಲಿ ಸಿಗುತ್ತದೆ? ಬಣ್ಣವಿಲ್ಲದ ಕಾಂಕ್ರೀಟು, ಅಲಂಕಾರವೆಂಬುದೇ ಇಲ್ಲ. ಪಶ್ಚಿಮದ ಕಡೆ ಸಾಲಾಗಿ ನಿಂತ ಉದ್ದುದ್ದ ಕಾಂಕ್ರೀಟು ಹಲಗೆಗಳು ಸಂಜೆಯ ಬಿಸಿಲನ್ನು ತಡೆಯುತ್ತವೆ. ಮೆಟ್ಟಿಲಿನ ಪಕ್ಕದ ತೆರವಿನಲ್ಲಿ ಗಾಳಿ ತಾನಾಗಿ ಮೇಲೇರುತ್ತದೆ. ಸುತ್ತಲಿನ ಗಾಜಿನ ಕಟ್ಟಡಗಳು ಏಸಿ ನಿಂತ ಕೂಡಲೇ ಕಂಗಾಲಾಗುತ್ತವೆ, ಇದು ಏಪ್ರಿಲ್‌ನಲ್ಲೂ ತಣ್ಣಗಿರುತ್ತದೆ. ನಕ್ಷೆ ಬರೆದ ಮೇಡಂ ನಮಗೆ ಹೇಳಿದ್ದು ಒಂದೇ ಮಾತು: ಇಲ್ಲಿ ಕಾರಣವಿಲ್ಲದ್ದು ಏನೂ ಇಲ್ಲ, ನೀವೂ ಸೇರಿಸಬೇಡಿ.

ನಾನು ಸೇರಿಸಿದೆ. ಇಷ್ಟು ಚೆಂದದ ಕಟ್ಟಡಕ್ಕೆ ಜನರ ಕಣ್ಣು ಬೀಳದಿರುತ್ತದೆಯೇ ಎಂದು, ಒಂದು ಭಾನುವಾರ ಬಾಗಿಲ ಮೇಲಿನ ಗೋಡೆಗೆ ತೂತು ಕೊರೆದು, ಕಬ್ಬಿಣದ ಮೊಳೆ ಹೊಡೆದು, ಕೋರೆಹಲ್ಲಿನ ದೃಷ್ಟಿಗೊಂಬೆ ತೂಗುಹಾಕಿದೆ. ಕೆಳಗೆ ಏಣಿ ಹಿಡಿದಿದ್ದ ವಾಚ್‌ಮನ್, “ಗೊಂಬೆ ಯಾಕೆ ಸಾರ್, ದಿನಾ ನೀವೇ ಬಾಗಿಲಲ್ಲಿ ನಿಂತ್ಕೊಂಡ್ರೆ ಸಾಕಲ್ವಾ” ಎಂದು ನಕ್ಕ. ನಾನೂ ನಕ್ಕೆ.

ಮಳೆಗಾಲ ಮುಗಿಯುವಷ್ಟರಲ್ಲಿ ಮೊಳೆಯ ತುಕ್ಕು ಗೋಡೆಗಿಳಿದಿತ್ತು. ನೋಡಲು ಬಂದ ಮೇಡಂ ಗೊಂಬೆ ತೆಗೆಸಿ, ಇದು ಯಾರ ಕೆಲಸವೆಂದು ಕೇಳಿದರು. ನಾನು ವಾಚ್‌ಮನ್ ಕಡೆ ಕೈ ತೋರಿಸಿದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿ, “ಏಣಿ ಹಿಡ್ಕೊಂಡಿದ್ದು ನಾನೇ ಮೇಡಂ” ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ತಿಂಗಳ ಕೊನೆಗೆ ಆಫೀಸಿನವರು ಅವನನ್ನು ಕೆಲಸದಿಂದ ತೆಗೆದರು. ಅವನ ಊರು ಇಲ್ಲೇ, ಒಂದೇ ಬಸ್ಸಿನ ದಾರಿ. ಅವನು ಬದುಕಿದ್ದಷ್ಟು ದಿನವೂ ನಾನು ಆ ಬಸ್ಸು ಹತ್ತಲಿಲ್ಲ.

ಕಳೆದ ವಾರ ಕಟ್ಟಡದ ಫೋಟೋ ತೆಗೆಯಲು ಕಾಲೇಜು ವಿದ್ಯಾರ್ಥಿಗಳು ಬಂದಿದ್ದರು. ಎಂದಿನಂತೆ ಎದೆಯುಬ್ಬಿಸಿ, ಕರೆಯದಿದ್ದರೂ ಹೋಗಿ, ಎಲ್ಲವನ್ನೂ ವಿವರಿಸಿದೆ. ಹುಡುಗಿಯೊಬ್ಬಳು ಆ ಗೆರೆಯತ್ತ ಬೆರಳು ಮಾಡಿ, “ಇದಕ್ಕೇನು ರೀಸನ್ ಅಂಕಲ್?” ಎಂದಳು. ಹಿಂದೆಲ್ಲ, ಯಾರೋ ವಾಚ್‌ಮನ್ ಮಾಡಿದ್ದು ಎನ್ನುತ್ತಿದ್ದೆ. ಪ್ರತಿಯೊಂದಕ್ಕೂ ಕಾರಣ ಹೇಳಬಲ್ಲ ಕಟ್ಟಡದ ಮುಂದೆ ಅಂದು ಆ ಮಾತು ಬಾಯಿಗೆ ಬರಲಿಲ್ಲ. ಮೊಳೆ ಹೊಡೆದವನು ನಾನು ಎಂದೆ. ಏಣಿ ಹಿಡಿದವನು ಕೋಣನಕುಂಟೆಯ ಮುನಿಯಪ್ಪ.